ಚಿಕ್ಕತಾತ ದುಮಿ ಕಲಿತದ್ದು

ಒಂದು ಭಾಷೆಯನ್ನು ಎರಡು ವರ್ಷ ಹಟ ಹಿಡಿದು ಕಲಿತು, ಆ ಭಾಷೆಯಾಡುವ ಒಬ್ಬರೇ ಒಬ್ಬರು ಪಕ್ಕದ ಮನೆಯ ಬೇಲಿಯ ಬಳಿ ನಿಂತಿದ್ದರೂ ಒಂದಕ್ಷರ ಆಡದೆ, ಕೈಮುಗಿದು, ಸರಸರನೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುವವರನ್ನು ನೀವು ಕಂಡಿದ್ದೀರಾ? ಇಲ್ಲ ತಾನೆ? ನಾನು ಕಂಡಿದ್ದೇನೆ. ಅವರು ನಮ್ಮ ಚಿಕ್ಕತಾತ, ಅಂದರೆ ನನ್ನ ತಾಯಿಯ ತಂದೆಯ ತಮ್ಮ. ತಲೆಮಾರಿಗೊಬ್ಬರು ವಿಚಿತ್ರ ಮನುಷ್ಯರು ಎಲ್ಲರ ಮನೆಯಲ್ಲೂ ಹುಟ್ಟುತ್ತಾರೆ. ನಮ್ಮಲ್ಲಿ ಮಾತ್ರ ಚಿಕ್ಕತಾತ ತಮ್ಮ ತಲೆಮಾರಿನ ಪಾಲಿನ ಜೊತೆಗೆ ಮುಂದಿನವರ ಪಾಲನ್ನೂ ಮುಂಗಡವಾಗಿ ತೆಗೆದುಕೊಂಡುಬಿಟ್ಟರು. ಹಾಗಾಗಿ ನಾವೆಲ್ಲ ವಿಧಿಯಿಲ್ಲದೆ ಸಾಧಾರಣರಾಗಿ ಉಳಿದಿದ್ದೇವೆ.

ಅವರು ಅರಿವಳಿಕೆ ವೈದ್ಯರು. ಮೈಸೂರಿನಲ್ಲಿ ಓದಿ, ಎಳೆಯ ವಯಸ್ಸಿಗೇ ಅಮೆರಿಕಕ್ಕೆ ಬಂದು, ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಜೀವಮಾನವಿಡೀ ಜನರ ಎಚ್ಚರ ತಪ್ಪಿಸಿ, ಮತ್ತೆ ಎಚ್ಚರಗೊಳಿಸಿ, ನಿವೃತ್ತಿಯ ನಂತರ ಚಿಕ್ಕಜ್ಜಿಯೊಂದಿಗೆ ಬಾಲ್ಟಿಮೋರಿಗೆ ಹತ್ತಿರದ ಕೊಲಂಬಿಯಾ ಎಂಬ ಊರಿನ ಮನೆಯಲ್ಲಿದ್ದರು. “ನಿದ್ದೆ ಬರಿಸೋದು ಏನ್ ಮಹಾ? ನಿಮ್ಮ ಚಿಕ್ಕಜ್ಜಿಯ ಭಜನೆ ಗ್ರೂಪೂ ಬರಿಸುತ್ತೆ. ಎಬ್ಬಿಸೋದು ಕಷ್ಟ” ಎನ್ನುತ್ತಿದ್ದರು.

ಈ ವೃತ್ತಿಯ ಮೊದಲ ಪಾಠವೆಂದರೆ, ರೋಗಿಯನ್ನು ಮುಟ್ಟುವ ಮುನ್ನ ಎಲ್ಲವನ್ನೂ ಪರೀಕ್ಷಿಸುವುದು. ಯಂತ್ರ ನೋಡಬೇಕು, ಕೊಳವೆ ನೋಡಬೇಕು, ಔಷಧಿ ನೋಡಬೇಕು, ಎಲ್ಲ ನೋಡಿಯಾದ ಮೇಲೆ ಯಂತ್ರವನ್ನು ಇನ್ನೊಮ್ಮೆ ನೋಡಬೇಕು. ಆಪರೇಷನ್ ಥಿಯೇಟರಿನಲ್ಲಿ ಇದು ದೊಡ್ಡ ಗುಣ. ಆದರೆ ಅದನ್ನೇ ಮನೆಗೂ ತಂದರೆ? ಚಿಕ್ಕತಾತ ತರಕಾರಿ ತರಲು ಹೊರಟರೆ ಮೊದಲು ಕಾರಿನ ನಾಲ್ಕೂ ಚಕ್ರದ ಗಾಳಿ, ಆಮೇಲೆ ಎಣ್ಣೆ, ಆಮೇಲೆ ಹವಾಮಾನ. ಅಷ್ಟು ಹೊತ್ತಿಗೆ ಚಿಕ್ಕಜ್ಜಿ ಇದ್ದ ಬೇಳೆಯಲ್ಲೇ ಸಾರು ಮಾಡಿ ಬಡಿಸಿಯೂ ಆಗಿರುತ್ತಿತ್ತು.

“ನಮ್ಮ ಮದುವೆಗೆ ಹೂಂ ಅನ್ನೋಕೆ ಮುಂಚೆ ಇವರು ಏನ್ ಕೇಳಿದ್ರು ಗೊತ್ತಾ ಪುಟ್ಟಿ?” ಎಂದು ಚಿಕ್ಕಜ್ಜಿ ನನ್ನನ್ನು ಕೇಳಿದ್ದರು.

“ಜಾತಕನಾ?”

“ಎಕ್ಸ್-ರೇ!”

“ಎದೆದು ಮಾತ್ರ” ಎಂದರು ಚಿಕ್ಕತಾತ ಪತ್ರಿಕೆಯ ಹಿಂದಿನಿಂದ. “ಕ್ಲಿಯರ್ ಇತ್ತು.”

ನಾನು ಆಗ ಓದು ಮುಗಿಸಿ, ಕಾರಿನಲ್ಲಿ ಅಲ್ಲಿಗೆ ಗಂಟೆ ದೂರದ ಸೆಂಟರ್‌ವಿಲ್‌ನಲ್ಲಿ ಒಂದು ಕೆಲಸ ಹಿಡಿದಿದ್ದೆ. ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ. ಶನಿವಾರ ಭಾನುವಾರ ಕೊಲಂಬಿಯಾಕ್ಕೆ ಹೋಗುತ್ತಿದ್ದೆ ಎಂದಷ್ಟೇ ಹೇಳಿದರೆ ಸಾಕು.

ಇದೆಲ್ಲ ಆರಂಭವಾದದ್ದು ೨೦೨೦ರ ವಸಂತದಲ್ಲಿ. ಲೋಕವೆಲ್ಲ ಬಾಗಿಲು ಹಾಕಿಕೊಂಡಿತ್ತು. ಚಿಕ್ಕತಾತನ ನಡಿಗೆ ಹಿತ್ತಿಲಿನ ಹುಲ್ಲಿಗೆ ಸೀಮಿತವಾಗಿತ್ತು. ಆ ಚಳಿಗಾಲದಲ್ಲಷ್ಟೇ ಪಕ್ಕದ ಮನೆಗೆ ನೇಪಾಳದ ಒಂದು ಸಂಸಾರ ಬಂದಿತ್ತು: ಕಂಪ್ಯೂಟರ್ ಕೆಲಸದ ಮಗ, ಸೊಸೆ, ಮತ್ತು ಮಗನ ತಾಯಿ. ಆ ತಾಯಿಯನ್ನು ಅವರು ‘ಆಮಾ’ ಎನ್ನುತ್ತಿದ್ದರು. ನೇಪಾಳಿಯಲ್ಲಿ ಅಮ್ಮನಿಗೆ ಹಾಗೆನ್ನುತ್ತಾರೆ. ಬೀದಿಯವರೆಲ್ಲ ಅದನ್ನೇ ಅವರ ಹೆಸರು ಎಂದುಕೊಂಡು ಆಮಾ ಎಂದೇ ಕರೆದರು. ಆಮಾ ಬಂದವರೇ ಹಿತ್ತಿಲಿನ ನುಣುಪಾದ ಹುಲ್ಲನ್ನು ಕಿತ್ತೆಸೆದು ಸಾಸಿವೆ ಸೊಪ್ಪು ಬಿತ್ತಿದರು. ಹುಲ್ಲು ಕೀಳುವಂತಿಲ್ಲವೆಂದು ಬಡಾವಣೆಯ ಸಮಿತಿಯಿಂದ ಎಚ್ಚರಿಕೆ ಬಂತು. ಆಮಾ ಅದನ್ನು ತಂದವರ ಕೈಗೆ ಒಂದು ಕಟ್ಟು ಸೊಪ್ಪು ಕೊಟ್ಟು ಕಳಿಸಿದರು. ಮತ್ತೆ ಯಾರೂ ಬರಲಿಲ್ಲ.

ಆ ಸೊಪ್ಪಿನ ಜೊತೆ ಆಮಾ ಮಾತನಾಡುತ್ತಿದ್ದರು. ಗೊಣಗುವುದಲ್ಲ, ನೆಂಟರೊಂದಿಗೆ ಕೂತಂತೆ ಸರಾಗವಾಗಿ, ನಡುನಡುವೆ ಉತ್ತರಕ್ಕೆ ಕಾದು, ತಲೆಯಾಡಿಸಿ, ಒಂದೊಂದು ಗಿಡಕ್ಕೆ ಬೈದು. ಚಿಕ್ಕತಾತನಿಗೆ ಹಿಂದಿ ಬರುತ್ತಿದ್ದುದರಿಂದ ನೇಪಾಳಿ ಅಷ್ಟಿಷ್ಟು ತಿಳಿಯುತ್ತಿತ್ತು. ಇದು ನೇಪಾಳಿ ಅಲ್ಲವೆಂಬುದು ಮಾತ್ರ ಅವರಿಗೆ ಚೆನ್ನಾಗಿಯೇ ತಿಳಿಯಿತು. ಒಂದು ಸಂಜೆ ಬೇಲಿಗೆ ಆರಡಿ ದೂರ ನಿಂತು, ಮುಖವಸ್ತ್ರದೊಳಗಿಂದಲೇ ಆ ಮಗನನ್ನು ಕೇಳಿದರು.

“ಅದು ದುಮಿ, ಅಂಕಲ್” ಎಂದ ಆತ. “ನಾವು ರೈ ಜನ. ನಮ್ಮ ಊರಿನ ಭಾಷೆ ಅದು. ನನಗೇ ಬರಲ್ಲ. ಸ್ಕೂಲಲ್ಲಿ ನೇಪಾಳಿ, ಆಮೇಲೆ ಇಂಗ್ಲಿಷ್. ಇಲ್ಲಿ ಆಮಾ ಜೊತೆ ಅದನ್ನ ಮಾತಾಡೋರು ಯಾರೂ ಇಲ್ಲ. ಅದಕ್ಕೇ ಸೊಪ್ಪಿಗೆ ಹೇಳ್ಕೋತಾರೆ.”

ಚಿಕ್ಕತಾತ ಒಳಗೆ ಬಂದವರು ಊಟಕ್ಕೆ ಕೂತರೂ ಊಟ ಮಾಡಲಿಲ್ಲ. “ಸೊಪ್ಪಿಗೆ ಹೇಳ್ಕೋತಾರಂತೆ ಕಣೇ” ಎಂದು ಚಿಕ್ಕಜ್ಜಿಗೆ ಹೇಳಿದರು. “ಒಬ್ಬರಿಗೆ ಇಡೀ ದೇಶದಲ್ಲಿ ಮಾತಾಡೋಕೆ ಸಾಸಿವೆ ಗಿಡ ಬಿಟ್ಟು ಯಾರೂ ಇಲ್ಲ! ನಾನು ಕಲ್ತು ಮಾತಾಡ್ಸ್ತೀನಿ.”

“ನನ್ನ ಜೊತೆ ಕನ್ನಡದಲ್ಲಿ ಮಾತಾಡಿ ಸಾಕು” ಎಂದರು ಚಿಕ್ಕಜ್ಜಿ. “ನಾನೂ ಸಾರಿಗೆ ಹೇಳ್ಕೊಂಡೇ ಐವತ್ತು ವರ್ಷ ಕಳೆದಿದೀನಿ.”

ಕಲಿಯುವುದೆಂದರೆ ನೀವು, ನಾನು ಏನು ಮಾಡುತ್ತೇವೆ? ಬೇಲಿಯ ಬಳಿ ಹೋಗಿ ಸೊಪ್ಪು ತೋರಿಸಿ ‘ಇದಕ್ಕೇನನ್ನುತ್ತೀರಿ’ ಎಂದು ಕೇಳುತ್ತೇವೆ. ಚಿಕ್ಕತಾತ ಅಂಥ ಅಡ್ಡದಾರಿ ಹಿಡಿಯುವವರೇ? ಅವರು ಮೊದಲು ನಕ್ಷೆ ತರಿಸಿದರು. ಪೂರ್ವ ನೇಪಾಳದ ಖೋಟಾಂಗ್ ಜಿಲ್ಲೆ, ರಾವಾ ಮತ್ತು ತಾಪ್ ಎಂಬ ಎರಡು ಹೊಳೆಗಳ ಆಸುಪಾಸಿನ ಗುಡ್ಡಗಳು. ಅಲ್ಲಿ ಕಣಿವೆಗೊಂದು ಕಿರಾಂತಿ ಕುಟುಂಬದ ಭಾಷೆ, ಒಂದು ಗುಡ್ಡ ಹತ್ತಿ ಇಳಿದರೆ ಅದರ ದಾಯಾದಿ ಇನ್ನೊಂದು. ಅವುಗಳಲ್ಲಿ ದುಮಿ ತೀರಾ ಸಣ್ಣದು, ಹೆಚ್ಚಾಗಿ ಮುದುಕರ ಬಾಯಲ್ಲಿ ಉಳಿದಿರುವುದು. ಯಾರೋ ಪುಣ್ಯಾತ್ಮರು ಆ ಬೆಟ್ಟದ ತಪ್ಪಲಲ್ಲಿ ಕೂತು ಬರೆದಿದ್ದ ದಪ್ಪ ವ್ಯಾಕರಣವೊಂದು ಸಿಕ್ಕಿತು. ಅದನ್ನು ಹೊತ್ತುಕೊಂಡು ಚಿಕ್ಕತಾತ ಬೇಸ್‌ಮೆಂಟಿಗೆ ಇಳಿದರು. ಅಮೆರಿಕದ ವೈದ್ಯ ಪರೀಕ್ಷೆಗೆ ಓದುವಾಗ ಇದ್ದ ಟೇಬಲ್ ದೀಪವನ್ನು ಗ್ಯಾರೇಜಿನಿಂದ ಹುಡುಕಿ ತಂದು ಹಚ್ಚಿದರು. ಗೋಡೆಯ ತುಂಬ ಕ್ರಿಯಾಪದಗಳು ತೂಗಾಡಿದವು.

ಆ ಭಾಷೆಯಾದರೂ ಸುಮ್ಮನೆ ಬಂದೀತೆ? ಊರೇ ಇಳಿಜಾರಿನಲ್ಲಿರುವ ಜನ. ಅವರಿಗೆ ‘ಬಾ’ ಎಂಬ ಒಂದು ಮಾತು ಎಲ್ಲಿ ಸಾಕು? ಮೇಲಿನಿಂದ ಇಳಿದು ಬರುವುದು ಬೇರೆ, ಕೆಳಗಿನಿಂದ ಹತ್ತಿ ಬರುವುದು ಬೇರೆ, ಸಮಮಟ್ಟದಲ್ಲಿ ಅಡ್ಡ ಹಾಯ್ದು ಬರುವುದು ಬೇರೆ. ಚಿಕ್ಕತಾತನ ಮನೆಯೋ ಅರ್ಧರ್ಧ ಮಹಡಿಯದ್ದು, ಎಲ್ಲಿ ನಿಂತರೂ ನಾಲ್ಕು ಮೆಟ್ಟಿಲು ಮೇಲೆ ಒಂದು ಕೋಣೆ, ನಾಲ್ಕು ಮೆಟ್ಟಿಲು ಕೆಳಗೆ ಇನ್ನೊಂದು. ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿತ್ತು.

“ರೀ, ಊಟಕ್ಕೆ ಬನ್ನಿ!”

“ಹತ್ತಿ ಬರ್ಲಾ, ಅಡ್ಡ ಬರ್ಲಾ?”

“ಉರುಳ್ಕೊಂಡಾದ್ರೂ ಬನ್ನಿ, ಸಾರು ಆರ್ತಿದೆ!”

ಇನ್ನೊಂದು ಸಂಗತಿ ಅವರಿಗೆ ಹುಚ್ಚು ಹಿಡಿಸಿತು. ದುಮಿಯಲ್ಲಿ ‘ನಾವು’ ಎನ್ನಬೇಕಾದರೆ, ಎದುರಿನವರನ್ನು ಸೇರಿಸಿಕೊಂಡ ನಾವೋ ಬಿಟ್ಟ ನಾವೋ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕು. ಎರಡನೆಯ ವರ್ಷ ಕನ್ನಡ ಸಂಘದವರೆಲ್ಲ ಸೇರಿ ಪಾರ್ಕಿನಲ್ಲಿ ಯುಗಾದಿ ಊಟ ಇಟ್ಟುಕೊಂಡಿದ್ದರು. ಊಟವಾದ ಮೇಲೆ ಮುಖ್ಯಸ್ಥರು ಎದ್ದುನಿಂತು, “ಬನ್ನಿ, ನಾವೆಲ್ಲ ಸೇರಿ ಪಾತ್ರೆ ತೊಳೆದುಬಿಡೋಣ” ಎಂದರು.

ಚಿಕ್ಕತಾತ ಕೈಯೆತ್ತಿದರು. “ಯಾವ ನಾವು?”

“ಅಂದ್ರೆ, ಅಂಕಲ್?”

“ನೀವೂ ಸೇರಿರೋ ನಾವೋ, ನಿಮ್ಮನ್ನ ಬಿಟ್ಟಿರೋ ನಾವೋ?”

ಕೂತವರೆಲ್ಲ ಮುಖ್ಯಸ್ಥರ ಕಡೆ ತಿರುಗಿದರು. ಏಕೆಂದರೆ ಆ ಮುಖ್ಯಸ್ಥರು ತಮ್ಮ ಅಧಿಕಾರಾವಧಿಯಲ್ಲಿ ಒಂದು ಚಮಚವನ್ನೂ ತೊಳೆದವರಲ್ಲ. “ನಾನು ಗ್ರಾಮರ್ ಡೌಟ್ ಕೇಳಿದ್ದಷ್ಟೇ” ಎಂದು ಚಿಕ್ಕತಾತ ಮುಗ್ಧವಾಗಿ ಹೇಳಿದರು. ಅಂದು ಬಿಸಿಬೇಳೆಭಾತಿನ ದೊಡ್ಡ ಪಾತ್ರೆಯನ್ನು ಮುಖ್ಯಸ್ಥರೇ ಉಜ್ಜಿದರು. ಚಿಕ್ಕಜ್ಜಿ ಮೊದಲ ಬಾರಿಗೆ ದುಮಿ ಭಾಷೆಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರು.

ಇಷ್ಟೆಲ್ಲ ಕಲಿತ ಮೇಲೆ ಆಮಾರನ್ನು ಮಾತನಾಡಿಸಿದರೇ? ಎಲ್ಲಿಯದು! ಉಚ್ಚಾರಣೆ ಸರಿಯಿದೆಯೋ ಇಲ್ಲವೋ ಯಾರಾದರೂ ತಟಸ್ಥರು ಪರೀಕ್ಷಿಸಬೇಕಿತ್ತಂತೆ. ಅಡುಗೆಮನೆಯಲ್ಲಿ ಹಾಡು ಹಾಕು ಎಂದರೆ ಹಾಕುವ, ಲೈಟು ಆರಿಸು ಎಂದರೆ ಆರಿಸುವ ಮಾತಿನ ಡಬ್ಬಿಯೊಂದಿತ್ತು, ದೂರದೂರಿನಲ್ಲಿದ್ದ ಚಿಕ್ಕತಾತನ ಮಗ ಕೊಡಿಸಿದ್ದು. ಚಿಕ್ಕತಾತ ಅದರ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡು ಒಂದು ಶುದ್ಧ ದುಮಿ ವಾಕ್ಯ ಹೇಳಿದರು. ಡಬ್ಬಿ ವಿನಯದಿಂದ, ತನಗೆ ಅರ್ಥವಾಗಲಿಲ್ಲವೆಂದು ಇಂಗ್ಲಿಷಿನಲ್ಲಿ ತಿಳಿಸಿತು. ಚಿಕ್ಕತಾತನ ಮುಖ ಇಳಿದುಹೋಯಿತು. “ನೋಡಿದ್ಯಾ ಪುಟ್ಟಿ? ನನ್ನ ವವೆಲ್ಸ್ ಸರಿಯಿಲ್ಲ” ಎಂದು ಮತ್ತೆ ಮೆಟ್ಟಿಲಿಳಿದು ಹೋದರು. ಅದಕ್ಕೆ ಕನ್ನಡವೂ ಅರ್ಥವಾಗುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಬೇಸ್‌ಮೆಂಟಿನ ಬಾಗಿಲು ಮುಚ್ಚಿತ್ತು.

ಈ ನಡುವೆ ಬೇಲಿಯಾಚೆ ಆಮಾ ಮಾತ್ರ ತಮ್ಮ ಪಾಡಿಗೆ ಸ್ನೇಹ ಬೆಳೆಸುತ್ತಿದ್ದರು. ಸೊಪ್ಪು ಬಂದಾಗ ಸೊಪ್ಪು, ಮೂಲಂಗಿ ಬಂದಾಗ ಮೂಲಂಗಿ. ನೇಪಾಳಿಯಲ್ಲಿ ಏನೋ ಹೇಳಿ ನಕ್ಕು ಕೈಗಿಡುತ್ತಿದ್ದರು. ಚಿಕ್ಕತಾತ ಹಿಂದಿಯಲ್ಲಿ ‘ಠೀಕ್ ಹೈ, ಠೀಕ್ ಹೈ’ ಎಂದು ಹಿಂದಕ್ಕೆ ಹೆಜ್ಜೆಯಿಡುತ್ತಿದ್ದರು. ಒಂದು ದಿನ ಮಾತ್ರ ಮೂಲಂಗಿ ಹಿಡಿದು ಓಡೋಡಿ ಬಂದರು.

“ಅರ್ಥ ಆಯ್ತು ಕಣೇ, ಅರ್ಥ ಆಯ್ತು! ಆಮಾ ಬಗ್ಗಿ ಏಳೋವಾಗ ತಮಗೆ ತಾವೇ ದುಮಿಯಲ್ಲಿ ಹೇಳ್ಕೊಂಡ್ರು, ಮೊಣಕಾಲು ನೋಯ್ತಿದೆ ಅಂತ!”

“ಅಯ್ಯೋ ಪಾಪ” ಎಂದರು ಚಿಕ್ಕಜ್ಜಿ. “ಅದಕ್ಕೆ ನೀವೇನಂದ್ರಿ?”

ಚಿಕ್ಕತಾತ ಸ್ವಲ್ಪ ಹೊತ್ತು ಮೂಲಂಗಿಯನ್ನೇ ನೋಡಿದರು. “ನಮಸ್ತೆ ಅಂದೆ.”

ನನಗೆ ನಗು ತಡೆಯಲಾಗಲಿಲ್ಲ. ವೈದ್ಯರು, ಮೊಣಕಾಲು ನೋವೆಂದರೆ ನಮಸ್ತೆ! “ಚಿಕ್ಕತಾತ, ಅವರು ಅಷ್ಟು ಹತ್ರ ಇದ್ದಾರೆ. ಈಗ್ಲೇ ಹೋಗಿ ಎರಡು ಮಾತಾಡ್ಬಾರ್ದಾ?”

“ಇನ್ನೂ ಭೂತಕಾಲ ಮುಗಿದಿಲ್ಲ ಪುಟ್ಟಿ. ಅವರು ‘ನಿನ್ನೆ’ ಅಂತ ಶುರು ಮಾಡಿದ್ರೆ ನಾನೇನ್ ಮಾಡ್ಲಿ?”

“ತಪ್ಪು ತಪ್ಪಾಗಿ ಹೇಳಿ. ಏನಾಗುತ್ತೆ?”

ಆಗ ಅವರು ಹೇಳಿದ್ದನ್ನು ನಾನು ನಗೆಯ ನಡುವೆ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ. ಈ ದೇಶದ ಆಸ್ಪತ್ರೆಯಲ್ಲಿ ಅವರ ಮೊದಲ ದಿನ, ರೋಗಿಯೊಬ್ಬರಿಗೆ ಧೈರ್ಯ ಹೇಳಲು ಬಾಯಿ ತೆರೆದರಂತೆ. ಅವರ ಇಂಗ್ಲಿಷ್ ಕೇಳಿ ಸುತ್ತ ನಿಂತವರೆಲ್ಲ ನಕ್ಕರಂತೆ. ರೋಗಿಯೂ ನಕ್ಕರಂತೆ. “ಅವರು ಕೆಟ್ಟೋರಲ್ಲ. ನಗು ಬಂತು, ನಕ್ರು. ಆದ್ರೆ ಅವತ್ತಿಂದ ನಾನು ರೆಡಿ ಆಗ್ದೇ ಬಾಯಿ ತೆರೆದಿಲ್ಲ” ಎಂದರು. “ಅರ್ಧಂಬರ್ಧ ಮಾತಾಡಿ ಅವರ ಭಾಷೆ ಕೆಡಿಸಬಾರದು. ಅವರಿಗಿರೋದೇ ಅಷ್ಟು.”

ಅಂತೂ ಭೂತಕಾಲ ಮುಗಿಯಿತು. ಅದು ಮುಗಿದದ್ದು ೨೦೨೨ರ ಬೇಸಿಗೆಯಲ್ಲಿ, ಒಂದು ಶುಕ್ರವಾರ. ಮಾತುಕತೆಗೆ ಭಾನುವಾರ ಬೆಳಗ್ಗೆ ಎಂದು ನಿಶ್ಚಯವಾಯಿತು. ನನ್ನನ್ನೂ ಕರೆಸಿಕೊಂಡಿದ್ದರು. ಚಿಕ್ಕತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಿಕ್ಕಜ್ಜಿಯ ಕೋಡುಬಳೆ ತುಂಬಿದ ಡಬ್ಬಿ ಹಿಡಿದು, ಮೊದಲ ವಾಕ್ಯವನ್ನು ತುಟಿಯಲ್ಲೇ ಮೆಲುಕು ಹಾಕುತ್ತ, ಬೇಲಿ ಬಿಟ್ಟು ಶಾಸ್ತ್ರೋಕ್ತವಾಗಿ ಮುಂಬಾಗಿಲಿನಿಂದಲೇ ಹೋದರು. ನಾನೂ ಚಿಕ್ಕಜ್ಜಿಯೂ ಕಿಟಕಿಗೆ ಅಂಟಿಕೊಂಡೆವು.

ಪಕ್ಕದ ಮನೆಯ ಮುಂದೆ ಸಾಮಾನು ಸಾಗಿಸುವ ಲಾರಿ ನಿಂತಿತ್ತು. ಮಗನಿಗೆ ದೂರದ ಉತ್ತರ ಕೆರೊಲಿನಾದ ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತ್ತು. “ನಿಮಗೆ ಹೇಳೋಕೆ ಮೊನ್ನೆ ಬಾಗಿಲು ತಟ್ಟಿದ್ದೆ ಅಂಕಲ್, ನೀವು ಕೆಳಗೆ ಓದ್ತಿದ್ರಿ ಅಂತ ಆಂಟಿ ಹೇಳಿದ್ರು, ಡಿಸ್ಟರ್ಬ್ ಮಾಡ್ಲಿಲ್ಲ” ಎಂದ. ಬಂದದ್ದನ್ನು ಹೇಳಲು ಚಿಕ್ಕಜ್ಜಿಯೇ ಮರೆತಿದ್ದರು. ಆಮಾ ಬೆಳಗಿನ ತಂಪಿನಲ್ಲಿ ಸೊಸೆಯ ಜೊತೆ ಕಾರಿನಲ್ಲಿ ಹೊರಟುಹೋಗಿದ್ದರು.

ಚಿಕ್ಕತಾತ ಕೋಡುಬಳೆಯ ಡಬ್ಬಿಯನ್ನು ಮಗನ ಕೈಗಿಟ್ಟರು. ಬರುವಾಗ ಹಿತ್ತಿಲಿನಿಂದ ಬಂದರು. ಯಾವ ಮಹಡಿಗೂ ಹತ್ತಲಿಲ್ಲ, ಇಳಿಯಲಿಲ್ಲ. ನಡುವಿನ ಮೆಟ್ಟಿಲ ಮೇಲೆ ಕೂತರು. ಚಿಕ್ಕಜ್ಜಿ ಪಕ್ಕದಲ್ಲಿ ಹೋಗಿ ಕೂತು, “ಫೋನ್ ಇದೆಯಲ್ಲ ರೀ” ಎಂದರು.

“ಫೋನ್ ಮಾತು ಬೇರೆ. ಅದಕ್ಕೆ ಇನ್ನೂ ಪ್ರಿಪೇರ್ ಆಗ್ಬೇಕು” ಎಂದರು ಚಿಕ್ಕತಾತ. ಆ ಸಲ ಯಾರೂ ನಗಲಿಲ್ಲ.

ಅವರು ಫೋನ್ ಮಾಡಲೂ ಇಲ್ಲ. ಷಾರ್ಲೆಟ್‌ನಿಂದಲೇ ಕರೆ ಬಂದದ್ದು ಒಂದು ವರ್ಷಕ್ಕೂ ಮೇಲೆ. ಮಗನ ದನಿ ಬೇರೆಯಾಗಿತ್ತು. ಆಮಾಗೆ ಮರೆವಿನ ಕಾಯಿಲೆ ಬಂದಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ಇಂದು ನಿನ್ನೆಗಳು ಹೋದವು, ಈಗ ನೇಪಾಳಿಯೂ ಹೋಗಿತ್ತು. ದೊಡ್ಡವರಾದ ಮೇಲೆ ಕಲಿತದ್ದೆಲ್ಲ ಜಾರಿಹೋಗಿ ಎಳೆತನದ ಭಾಷೆಯೊಂದೇ ತಳದಲ್ಲಿ ಉಳಿದಿತ್ತು. ದಿನವಿಡೀ ದುಮಿಯಲ್ಲಿ ಏನೋ ಕೇಳುತ್ತಾರೆ, ಉತ್ತರ ಸಿಗದೆ ಅಳುತ್ತಾರೆ. “ಊರಲ್ಲಿ ಅವರ ವಯಸ್ಸಿನೋರು ಯಾರೂ ಉಳಿದಿಲ್ಲ ಅಂಕಲ್. ಅವರಿಗೆ ನೀರು ಬೇಕೋ, ನೋವಾಗ್ತಿದೆಯೋ, ನಮಗೊಂದೂ ತಿಳೀತಿಲ್ಲ. ನೀವು ದುಮಿ ಕಲೀತಿದೀರಿ ಅಂತ ನಾನು ಬಾಗಿಲು ತಟ್ಟಿದ ದಿನ ಆಂಟಿ ಹೇಳಿದ್ರಲ್ಲ...”

ಚಿಕ್ಕತಾತ ಅಂದು ಚಕ್ರದ ಗಾಳಿ ನೋಡಲಿಲ್ಲ. ನಾನು ಡ್ರೈವ್ ಮಾಡಿದೆ. ಚಿಕ್ಕಜ್ಜಿ ಹಿಂದಿನ ಸೀಟಿನಲ್ಲಿ ಚಪಾತಿ ಸುರುಳಿ ಸುತ್ತಿ ಮುಂದಕ್ಕೆ ಕೊಡುತ್ತಿದ್ದರು. ವರ್ಜೀನಿಯಾ ಮುಗಿಯುವವರೆಗೂ ಚಿಕ್ಕತಾತ ತಮ್ಮ ಪ್ರಶ್ನೆಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು: ನಿಮ್ಮ ಊರಿನ ಹೊಳೆ ದಾಟುವುದು ಹೇಗೆ? ಮದುವೆಯಲ್ಲಿ ಏನು ಹಾಡುತ್ತಿದ್ದಿರಿ? ಕುಣಿತದ ಹಬ್ಬದಲ್ಲಿ ಮುಂದೆ ಯಾರು ನಿಲ್ಲುತ್ತಿದ್ದರು? ಉತ್ತರ ಕೆರೊಲಿನಾದ ಗಡಿ ದಾಟುವ ಹೊತ್ತಿಗೆ ಸುಮ್ಮನಾದರು. “ಮರೆತುಹೋಯ್ತಾ ಚಿಕ್ಕತಾತ?” ಎಂದೆ. “ಇನ್ನೂ ಎಷ್ಟು ದೂರ ಇದೆ?” ಎಂದರು, ಮೊದಲ ದಿನ ಶಾಲೆಗೆ ಹೋಗುವ ಮಗುವಿನ ಹಾಗೆ.

ಷಾರ್ಲೆಟ್ ನಗರದ ಬ್ಯಾಲಂಟೈನ್‌ನ ಆ ಮನೆಯಲ್ಲಿ ಆಮಾ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮೊದಲಿಗಿಂತ ತೀರಾ ಚಿಕ್ಕವರಾಗಿ ಕಂಡರು. ಚಿಕ್ಕತಾತ ಎದುರಿಗೆ ಸ್ಟೂಲಿನ ಮೇಲೆ ಕೂತು, ಕೈಮುಗಿದು, ಬಾಯಿ ತೆರೆದರು. ಮುಚ್ಚಿದರು. ಇನ್ನೊಮ್ಮೆ ತೆರೆದರು. ಕೊನೆಗೆ ಏನೋ ಒಂದು ಹೇಳಿದರು.

ಆಮಾ ಕತ್ತು ತಿರುಗಿಸಿದರು. ದಿಟ್ಟಿಸಿ ನೋಡಿದರು. ಆಮೇಲೆ ನಕ್ಕರು. ಎಂಥ ನಗು! ಹೆಗಲಿನ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಸೊಸೆ ಅಡುಗೆಮನೆಯಿಂದ ಓಡಿಬಂದರು. ನಾನು ಹೆದರಿ ಚಿಕ್ಕತಾತನ ಮುಖ ನೋಡಿದೆ. ಅರ್ಧ ಶತಮಾನ ಯಾವ ನಗುವಿಗೆ ಹೆದರಿ ತಯಾರಾಗುತ್ತಲೇ ಇದ್ದರೋ ಆ ನಗು ಅವರ ಎದುರಿಗೇ ಕೂತು ನಗುತ್ತಿತ್ತು. ಅವರೂ ನಗುತ್ತಿದ್ದರು.

“ಏನು ತಪ್ಪು ಹೇಳಿದ್ರಿ?” ಎಂದು ಮೆಲ್ಲಗೆ ಕೇಳಿದೆ.

“ಗೊತ್ತಿಲ್ಲ ಕಣೇ. ಎಲ್ಲಾ ತಪ್ಪೇ ಇರ್ಬೇಕು.”

ನಗು ಮುಗಿದದ್ದೇ ಆಮಾ ಬೈಯಲು ಶುರು ಮಾಡಿದರು. ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ, ಅಲ್ಲವೆ? ಬೆರಳು ತೋರಿಸಿ, ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ಬೈದರು. ಚಿಕ್ಕತಾತ ತಲೆ ತಗ್ಗಿಸಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. ಕೊನೆಗೆ ಆಮಾ ಕೈ ಚಾಚಿ ಅವರ ತೋಳು ಹಿಡಿದು, ಹಾಗೇ ಹಿಡಿದುಕೊಂಡು ಕೂತರು. ಅವರ ಮೊಣಕಾಲು ನೋಯುತ್ತಿದೆ, ರಾತ್ರಿ ಚಳಿಯಾಗುತ್ತದೆ, ಚಹಾಕ್ಕೆ ಉಪ್ಪು ಬೇಕು ಎಂಬುದನ್ನೆಲ್ಲ ಚಿಕ್ಕತಾತ ಒಂದೊಂದಾಗಿ ಮಗನಿಗೆ ತಿಳಿಸಿದರು. ಮಗ ಗೋಡೆಯ ಕಡೆಗೆ ತಿರುಗಿ ನಿಂತುಬಿಟ್ಟ.

ವಾಪಸು ಬರುವ ದಾರಿಯಲ್ಲಿ ಚಿಕ್ಕತಾತನೇ ಹೇಳಿದರು. “ನನ್ನನ್ನ ಅವರ ತಮ್ಮ ಅನ್ಕೊಂಡಿದಾರೆ. ಎಲ್ಲಿ ಹಾಳಾಗಿ ಹೋಗಿದ್ದೆ, ಎಮ್ಮೆ ಕಟ್ಟೋರು ಯಾರು, ಒಲೆ ಆರಿಹೋಯ್ತು ಅಂತ ಬೈದ್ರು.”

“ಅದಕ್ಕೆ ನೀವೇನಂದ್ರಿ?”

“ತಡ ಆಯ್ತು ಅ‌ಕ್ಕಾ ಅಂದೆ.”

ಆಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: “ಬೇಲಿ ಆಚೆ ಇದ್ರಲ್ಲ ಪುಟ್ಟಿ. ಎಲ್ಲಾ ನೆನಪಿತ್ತಲ್ಲ ಅವರಿಗೆ. ಹೊಳೆ, ಮದುವೆ, ಹಾಡು. ಸೊಪ್ಪಿನ ಹತ್ರ ಏನು ಹೇಳ್ತಿದ್ರಿ ಅಂತಾನಾದ್ರೂ ಕೇಳ್ಬೋದಿತ್ತು. ಈಗ ಎಮ್ಮೆ ಒಂದೇ ಉಳ್ಕೊಂಡಿದೆ. ತಪ್ಪು ತಪ್ಪಾಗೇ ಮಾತಾಡ್ಬೇಕಿತ್ತು ಕಣೇ.”

ಹಿಂದಿನ ಸೀಟಿನಲ್ಲಿ ಚಿಕ್ಕಜ್ಜಿ ಎಚ್ಚರವಾಗಿಯೇ ಇದ್ದರು. ಉಳಿದಿದ್ದ ಚಪಾತಿಯೊಂದನ್ನು ಸುರುಳಿ ಸುತ್ತಿ ಮುಂದಕ್ಕೆ ಚಾಚಿದರು.

ಆಮೇಲೆ ಪ್ರತಿ ಭಾನುವಾರ ಫೋನ್. ಬೇಸ್‌ಮೆಂಟಿನ ದೀಪ ಆರಿತು. ಚಿಕ್ಕತಾತ ಹಿತ್ತಿಲಿನಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ, ಯಾವ ಕಾಲವೂ ಯಾವ ವಿಭಕ್ತಿಯೂ ಸರಿಯಿಲ್ಲದ ದುಮಿಯನ್ನು ಕೂಗುತ್ತಿದ್ದರು. ಇಲ್ಲದ ಎಮ್ಮೆಯನ್ನು ಕಟ್ಟಿಹಾಕಿದ್ದಾಗಿ ವರದಿ ಕೊಡುತ್ತಿದ್ದರು. “ಎಮ್ಮೆ ಇವತ್ತು ಹಾಲು ಕೊಡ್ತಾ ರೀ?” ಎಂದು ಚಿಕ್ಕಜ್ಜಿ ಒಳಗಿನಿಂದ ಕೇಳುತ್ತಿದ್ದರು. “ಒದೀತಂತೆ, ತಾಳು, ಬೈಸ್ಕೋತಿದೀನಿ!”

ಒಂದು ಭಾನುವಾರ ಫೋನಿಟ್ಟು ನನ್ನನ್ನು ಕರೆದರು. “ನೀನೂ ನಾಲ್ಕು ಮಾತು ಕಲ್ತ್ಕೋ.”

“ಆ ಪುಸ್ತಕ ಕೊಡಿ, ಓದ್ತೀನಿ” ಎಂದೆ.

“ಪುಸ್ತಕ ಮುಟ್ಟಿದ್ರೆ ನೋಡು! ಹೇಳು, ನನ್ನ ಹಿಂದೆ ಹೇಳು.” ವೈದ್ಯರಲ್ಲವೆ, ಪಾಠ ದೇಹದ ಅಂಗಗಳಿಂದ ಶುರುವಾಯಿತು. ತಲೆ, ಕಣ್ಣು, ಗಂಟಲು, ಹೊಟ್ಟೆ, ಮೊಣಕಾಲು. ನಾನು ತಪ್ಪಿದಾಗಲೆಲ್ಲ ಅವರಿಗೆ ಎಲ್ಲಿಲ್ಲದ ಸಂತೋಷ. ಆ ಪದಗಳನ್ನು ಇಲ್ಲಿ ಬರೆಯುತ್ತಿಲ್ಲ. ಅವುಗಳ ಸ್ವರಗಳಿಗೆ ನಮ್ಮಲ್ಲಿ ಅಕ್ಷರ ಸಾಲದು. ಕಲಿತದ್ದೂ ಅಷ್ಟಕ್ಕಷ್ಟೇ. ‘ಅಕ್ಕಾ, ನಾನು’ ಎಂಬುದೊಂದು ವಾಕ್ಯ. ‘ತಡ ಆಯ್ತು’ ಎಂಬುದು ಇನ್ನೊಂದು. ಉಳಿದದ್ದನ್ನು ನಿಧಾನವಾಗಿ ಕಲಿಯಬಹುದೆಂದುಕೊಂಡಿದ್ದೆ.

ಹೋದ ಚಳಿಗಾಲದಲ್ಲಿ ಚಿಕ್ಕತಾತ ತೀರಿಕೊಂಡರು. ಹೃದಯ ನಿಂತಿತು. ಅಂಥ ಮನುಷ್ಯರು ಇದೊಂದಕ್ಕೆ ಮಾತ್ರ ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ.

ಬಂದವರೆಲ್ಲ ಹೋದ ಮೇಲಿನ ಭಾನುವಾರ ಚಿಕ್ಕಜ್ಜಿ ಚಿಕ್ಕತಾತನ ಫೋನನ್ನು ತಂದು ನನ್ನ ಮುಂದಿಟ್ಟರು. “ಮಾಡು. ಆಮಾ ಕಾಯ್ತಿರ್ತಾರೆ.”

“ನನಗೆ ಬರಲ್ಲ ಚಿಕ್ಕಜ್ಜಿ.”

“ನಿಮ್ಮ ಚಿಕ್ಕತಾತಂಗೇನ್ ಬರ್ತಿತ್ತು?” ಎಂದರು.

ಹಿತ್ತಿಲಿಗೆ ಹೋದೆ. ಆಚೆ ಈಗ ಬೇರೆಯವರಿದ್ದಾರೆ, ಹುಲ್ಲು ಮತ್ತೆ ನುಣುಪಾಗಿದೆ. ಮಗ ಫೋನೆತ್ತಿ, ಏನೂ ಕೇಳದೆ, ಆಮಾರ ಕಿವಿಗೆ ಹಿಡಿದ. ಅವರ ಉಸಿರು ಕೇಳಿಸಿತು.

“ಅಕ್ಕಾ, ನಾನು” ಎಂದೆ ದುಮಿಯಲ್ಲಿ. ತಪ್ಪಾಗಿಯೇ ಹೇಳಿರಬೇಕು. “ತಡ ಆಯ್ತು.”

ಆ ಕಡೆಯಿಂದ ಆಮಾ ಏನೋ ಕೇಳಿದರು. ತಿಳಿಯಲಿಲ್ಲ. ಮತ್ತೆ ಕೇಳಿದರು, ಈ ಸಲ ಮೆಲ್ಲಗೆ, ಮಗುವನ್ನು ಕೇಳುವಂತೆ. ಒಂದು ಪದ ಹಿಡಿಯಿತು: ಗಂಟಲು. ತಮ್ಮನ ಗಂಟಲಿಗೆ ಏನಾಯಿತು, ದನಿ ಯಾಕೆ ಇಷ್ಟು ಸಣ್ಣಗಾಯಿತು ಎಂದು ಅವರಿಗೆ ಚಿಂತೆ.

ಶೀತಕ್ಕೆ ದುಮಿಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಕೆಮ್ಮಿದೆ.